ಬಯಸಿದ ಹಕ್ಕಿ ಸಿಗದಾಗ: ಕಾಯುವುದೋ, ಅಲೆಯುವುದೋ, ಬೇರೆ ಕಡೆ ತಿರುಗುವುದೋ?

"ಹಕ್ಕಿ ಸಿಗಲಿಲ್ಲ" ಎಂಬ ಎರಡು ಪದಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುತ್ತವೆ. ಹಕ್ಕಿ ಆ ಜಾಗದಲ್ಲಿ ಇರಲೇ ಇಲ್ಲದಿರಬಹುದು. ಇದ್ದೂ ಕಣ್ಣಿಗೆ ಬೀಳದೆ ಹೋಗಿರಬಹುದು. ಇಲ್ಲವೇ ನಾವು ಅದನ್ನು ನೋಡುವ ಮೊದಲೇ ಅದು ನಮ್ಮನ್ನು ನೋಡಿ ಸರಿದುಹೋಗಿರಬಹುದು. ಕ್ಯಾಮೆರಾ ಹಿಡಿದು ನಿಂತವರಿಗೆ ಮೂರರ ಫಲವೂ ಒಂದೇ, ಖಾಲಿ ಕೊಂಬೆ. ಆದರೆ ಮುಂದೇನು ಮಾಡಬೇಕು ಎಂಬ ಪ್ರಶ್ನೆಗೆ ಮೂರಕ್ಕೂ ಉತ್ತರ ಬೇರೆ. ಇಲ್ಲದ ಹಕ್ಕಿಗಾಗಿ ಕಾಯುವುದು ವ್ಯರ್ಥ. ಅಡಗಿ ಕುಳಿತ ಹಕ್ಕಿಯನ್ನು ಬಿಟ್ಟು ಎದ್ದುಹೋಗುವುದು ನಷ್ಟ. ಹೆದರಿದ ಹಕ್ಕಿಯ ಬೆನ್ನು ಹತ್ತುವುದು ತಪ್ಪು.

ಈ ಭೇದ ನನಗೆ ತಿಳಿದದ್ದು ತಡವಾಗಿ. ಮೊದಲ ವರ್ಷಗಳಲ್ಲಿ ನನ್ನ ಬಳಿ ಇದ್ದದ್ದು ಒಂದೇ ಉಪಾಯ, ತಾಳ್ಮೆ. ನವರಂಗಕ್ಕಾಗಿ ಒಂದು ಕುರುಚಲು ಕಾಡಿನ ಅಂಚಿನಲ್ಲಿ ನಾಲ್ಕು ಬೆಳಗು ಕುಳಿತೆ. ನೆಲದ ತರಗೆಲೆ ಕೆದಕುವ ಹಕ್ಕಿಯಾದ್ದರಿಂದ ನೆಲದ ಮಟ್ಟಕ್ಕೆ ಟ್ರೈಪಾಡ್ ಇಳಿಸಿ, ಹಿನ್ನೆಲೆ ಎಲ್ಲಿ ಮಸುಕಾಗುತ್ತದೆ ಎಂದು ನೋಡಿ, ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆ. ವಲಸೆಯ ಹಕ್ಕಿಗಳು ಆ ಜಾಗ ಬಿಟ್ಟು ಎರಡು ವಾರ ಕಳೆದಿದ್ದವು ಎಂಬುದೊಂದು ನನಗೆ ಗೊತ್ತಿರಲಿಲ್ಲ. ನನ್ನ ತಾಳ್ಮೆಯಲ್ಲಿ ಕೊರತೆ ಇರಲಿಲ್ಲ, ಪ್ರಶ್ನೆಯೇ ತಪ್ಪಾಗಿತ್ತು. ಹಾಗಾಗಿ ಕಾಯುವುದು, ಅಲೆಯುವುದು, ಹೈಡ್ (ಅಡಗಿ ಕೂರುವ ಮರೆ) ಕಟ್ಟುವುದು, ಬೇರೆ ಹಕ್ಕಿಯತ್ತ ತಿರುಗುವುದು ಇವುಗಳನ್ನೆಲ್ಲ ತೂಗಿ ನೋಡುವ ಮೊದಲು ಆ ಪ್ರಶ್ನೆಯನ್ನೇ ಇತ್ಯರ್ಥ ಮಾಡಿಕೊಳ್ಳೋಣ.

ಇಲ್ಲವೋ, ಅಡಗಿದೆಯೋ, ಹೆದರಿದೆಯೋ

ಹಕ್ಕಿ ಇದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲೇ ಅರ್ಧ ತೀರ್ಮಾನಿಸಬಹುದು. ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ, 2002ರಲ್ಲಿ ಶುರುವಾದ ಇ-ಬರ್ಡ್ ತಾಣದಲ್ಲಿ ಯಾವುದೇ ಪ್ರದೇಶದ ಪಟ್ಟಿಪಟ್ಟಿಯ ನಕ್ಷೆ (ಬಾರ್ ಚಾರ್ಟ್) ಸಿಗುತ್ತದೆ. ತಿಂಗಳಿಗೆ ನಾಲ್ಕರಂತೆ ವರ್ಷಕ್ಕೆ 48 ಮನೆಗಳು. ಪಟ್ಟಿ ದಪ್ಪವಿದ್ದರೆ ಆ ವಾರದಲ್ಲಿ ಹಕ್ಕಿ ಹೆಚ್ಚು ಜನರಿಗೆ ಕಂಡಿದೆ, ತೆಳುವಾದರೆ ಕಡಿಮೆ, ಪಟ್ಟಿಯೇ ಇಲ್ಲದಿದ್ದರೆ ಅಲ್ಲಿ ಹೋಗಿ ಕೂರುವ ಮೊದಲು ಎರಡು ಬಾರಿ ಯೋಚಿಸಬೇಕು. ನನ್ನ ನವರಂಗದ ನಾಲ್ಕು ಬೆಳಗುಗಳನ್ನು ಈ ನಕ್ಷೆ ಎರಡು ನಿಮಿಷದಲ್ಲಿ ಉಳಿಸಬಹುದಿತ್ತು. ಒಂದು ಮಾತು ನೆನಪಿರಲಿ: ಬೇಟೆ, ಕಳ್ಳಸಾಗಣೆ, ವಿಪರೀತ ಕಾಟದ ಭಯವಿರುವ ಜಾತಿಗಳ ನಿಖರ ಜಾಗವನ್ನು ಆ ತಾಣ ಬೇಕೆಂದೇ ಮರೆಮಾಡುತ್ತದೆ. ಅಂಥ ಹಕ್ಕಿಯ ಜಾಗ ಸಿಗದಿದ್ದರೆ ಅದನ್ನು ಕೆದಕಿ ತೆಗೆಯಲು ಹೋಗದಿರುವುದು ಲೇಸು.

ಋತು ಸರಿಯಿದ್ದರೂ ಹೊತ್ತು ತಪ್ಪಿರಬಹುದು. ಹಾಡುವ ಸಣ್ಣ ಹಕ್ಕಿಗಳು ಬೆಳಗಿನ ಮೊದಲ ಗಂಟೆಗಳಲ್ಲಿ ಚುರುಕು, ನಡುಹಗಲಲ್ಲಿ ಮೌನ. ರೆಕ್ಕೆ ಬಡಿಯದೆ ತೇಲುವ ದೊಡ್ಡ ಹದ್ದು, ರಣಹದ್ದುಗಳ ಲೆಕ್ಕ ಬೇರೆ. ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ಅವು ಕುಳಿತಲ್ಲೇ ಇರುತ್ತವೆ, ಆದ್ದರಿಂದ ನಸುಕಿನಲ್ಲಿ ಆಕಾಶ ನೋಡುತ್ತ ನಿಂತು ಪ್ರಯೋಜನವಿಲ್ಲ. ಕಡಲಂಚಿನ ಗೊರವಗಳು ಗಡಿಯಾರವನ್ನೇ ಕೇಳುವುದಿಲ್ಲ, ಅವುಗಳ ದಿನಚರಿ ನಡೆಯುವುದು ಭರತ ಇಳಿತಗಳಿಗೆ ತಕ್ಕಂತೆ. ಇಳಿತದಲ್ಲಿ ಕೆಸರಿನ ಬಯಲೆಲ್ಲ ಚದುರಿ ಚುಕ್ಕೆಗಳಂತೆ ಕಾಣುವ ಅದೇ ಹಕ್ಕಿಗಳನ್ನು ಏರುತ್ತಿರುವ ನೀರು ದಡದ ಕಡೆಗೆ ತಳ್ಳಿ ತರುತ್ತದೆ. ಭರತಕ್ಕೆ ಒಂದೆರಡು ಗಂಟೆ ಮುಂಚೆ ಹೋಗಿ ಕುಳಿತವರು ಒಂದು ಹೆಜ್ಜೆಯನ್ನೂ ಇಡಬೇಕಾಗಿಲ್ಲ.

ಜಾಗಕ್ಕೆ ಬಂದ ಮೇಲೆ ಹಕ್ಕಿಗಿಂತ ಮೊದಲು ಅದರ ಗುರುತು ಹುಡುಕಿ. ಮಿಂಚುಳ್ಳಿ ಮೆಚ್ಚಿದ ಕೊಂಬೆಯ ಕೆಳಗೆ ಬಿಳಿ ಹಿಕ್ಕೆಯ ಗೆರೆಗಳಿರುತ್ತವೆ. ಗೂಬೆ ಹಗಲು ಕಳೆಯುವ ಮರದ ಬುಡದಲ್ಲಿ ಅದು ಉಗುಳಿದ, ಕೂದಲು ಮೂಳೆಗಳು ಅಂಟಿಕೊಂಡ ಉಂಡೆಗಳು ಬಿದ್ದಿರುತ್ತವೆ. ಮರಕುಟಿಗ ಕೆಲಸ ಮಾಡಿದ ಮರದಡಿ ಹೊಸ ಹೊಟ್ಟು. ಹಿಕ್ಕೆ ಹಸಿಯಾಗಿದೆಯೋ ಒಣಗಿದೆಯೋ, ಹೊಟ್ಟು ಬೆಳ್ಳಗಿದೆಯೋ ಕಂದಿದೆಯೋ ನೋಡಿದರೆ ಹಕ್ಕಿ ಈಗಲೂ ಬರುತ್ತಿದೆಯೇ ಎಂಬುದು ತಿಳಿಯುತ್ತದೆ. ಇಂಥ ಒಂದು ಹಸಿ ಗುರುತು ಸಿಕ್ಕಿದರೆ ನಾನು ಇಡೀ ಬೆಳಗನ್ನು ಆ ಜಾಗಕ್ಕೆ ಕೊಡಲು ಸಿದ್ಧ. ಏನೂ ಸಿಗದಿದ್ದರೆ ಮುಕ್ಕಾಲು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ.

ಅಡಗಿರುವ ಹಕ್ಕಿ ಕಿವಿಗೆ ಸಿಗುತ್ತದೆ. ಅದರ ಕೂಗನ್ನು ಹಿಂದಿನ ರಾತ್ರಿಯೇ ಕೇಳಿ ಕಲಿತಿರಬೇಕು. 2005ರಿಂದ ಹಕ್ಕಿಗಳ ದನಿಗಳನ್ನು ಕೂಡಿಸಿಡುತ್ತಿರುವ ಝೆನೋ-ಕಾಂಟೋ ತಾಣ ಇದಕ್ಕೆ ಒಳ್ಳೆಯ ಪಾಠಶಾಲೆ. ಅಲ್ಲಿ ಹಾಡನ್ನಷ್ಟೇ ಕೇಳಿ ಬಿಡಬೇಡಿ, ಎಚ್ಚರಿಕೆಯ ಕೂಗನ್ನೂ ಸಂಪರ್ಕದ ಸಣ್ಣ ಚಿಲಿಪಿಲಿಯನ್ನೂ ಕೇಳಿ. ಪೊದೆಯೊಳಗಿನ ಹಕ್ಕಿ ದಿನದ ಬಹುಪಾಲು ಹೊತ್ತು ಹಾಡುವುದಿಲ್ಲ, ಸಣ್ಣದಾಗಿ ಚುಚ್ಚುದನಿ ಮಾಡುತ್ತಿರುತ್ತದೆ. ಇನ್ನು ಪಿಕಳಾರ, ಕಾಜಾಣ, ಸೂರಕ್ಕಿಗಳೆಲ್ಲ ಸೇರಿ ಒಂದೇ ಕೊಂಬೆಯತ್ತ ಮುಖ ಮಾಡಿ ಗದ್ದಲವೆಬ್ಬಿಸುತ್ತಿದ್ದರೆ ಅಲ್ಲಿ ಗೂಬೆಯೋ ಹಾವೋ ಇದೆ ಎಂದೇ ತಿಳಿಯಿರಿ. ನಾನು ಕಂಡ ಗೂಬೆಗಳಲ್ಲಿ ಅರ್ಧದಷ್ಟನ್ನು ತೋರಿಸಿಕೊಟ್ಟದ್ದು ಇಂಥ ಗದ್ದಲವೇ.

ಹೆದರಿದ ಹಕ್ಕಿಯನ್ನು ಗುರುತಿಸುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದಕ್ಕೆ ಕಾರಣ ನಾವೇ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ನೀವು ನಡೆದಂತೆಲ್ಲ ಕೂಗು ಅಷ್ಟಷ್ಟೇ ಮುಂದೆ ಸಾಗುತ್ತಿದ್ದರೆ, ನೀವು ಬಂದೊಡನೆ ಸುತ್ತಲ ಸಣ್ಣ ಹಕ್ಕಿಗಳೂ ಮೌನವಾದರೆ, ಟಿಟ್ಟಿಭವೊಂದು ತಲೆಯ ಮೇಲೆ ಸುತ್ತುತ್ತ ಕಿರುಚುತ್ತಿದ್ದರೆ, ಅಲ್ಲಿ ಕಾಟ ಕೊಡುತ್ತಿರುವವರು ನೀವೇ. ಒಂದು ಮರಕ್ಕೆ ಬೆನ್ನು ಕೊಟ್ಟು ಇಪ್ಪತ್ತು ನಿಮಿಷ ಅಲ್ಲಾಡದೆ ಕುಳಿತುಬಿಡಿ. ಸುತ್ತಲಿನ ಸದ್ದು ಮೊದಲಿನಂತಾದರೆ ಜಾಗ ನಿಮ್ಮನ್ನು ಒಪ್ಪಿಕೊಂಡಿತು ಎಂದರ್ಥ.

ಕಾಯುವುದು ಮತ್ತು ಅಲೆಯುವುದು

ಇವೆರಡರಲ್ಲಿ ಯಾವುದು ಮೇಲು ಎಂದು ಜನ ವಾದಿಸುವುದನ್ನು ಕೇಳಿದ್ದೇನೆ. ಅದು ಛಾಯಾಗ್ರಾಹಕರ ಸ್ವಭಾವದ ಪ್ರಶ್ನೆಯೆಂದು ನಾನು ಭಾವಿಸುವುದಿಲ್ಲ. ತೀರ್ಮಾನ ಹಕ್ಕಿಯ ಹೊಟ್ಟೆಪಾಡಿನಲ್ಲಿದೆ.

ಕುಳಿತು ಬೇಟೆಯಾಡುವ ಹಕ್ಕಿಗಳಿವೆ. ಮಿಂಚುಳ್ಳಿ, ಕಳ್ಳಿಪೀರ, ನೀಲಕಂಠ, ನೊಣಹಿಡುಕಗಳು ಒಂದು ಕೊಂಬೆಯಿಂದ ಹಾರಿ, ಹುಳುವನ್ನೋ ಮೀನನ್ನೋ ಹಿಡಿದು, ಬಹಳ ಸಲ ಅದೇ ಕೊಂಬೆಗೆ ಮರಳುತ್ತವೆ. ಇವುಗಳ ಮಟ್ಟಿಗೆ ಕಾಯುವುದೇ ಸರಿ, ಅಲೆಯುವುದು ತಪ್ಪು ಆಯ್ಕೆ. ಕೊಂಬೆ ಗೊತ್ತಾದ ಮೇಲೆ ಬೆಳಕು ನಿಮ್ಮ ಬೆನ್ನಿಗಿರುವಂತೆ, ಹಿಂದಿನ ಗಿಡಗಳು ಕೊಂಬೆಯಿಂದ ದೂರವಿರುವಂತೆ ಜಾಗ ಹಿಡಿದು, ಖಾಲಿ ಕೊಂಬೆಯ ಮೇಲೆಯೇ ಮೊದಲು ಫೋಕಸ್ ಮಾಡಿಟ್ಟುಕೊಳ್ಳಬಹುದು. ಹಕ್ಕಿ ಬಾರದ ಹೊತ್ತನ್ನು ಈ ಸಿದ್ಧತೆಗೆ ಬಳಸಿದವರಿಗೆ ಅದು ಬಂದ ಹತ್ತು ಸೆಕೆಂಡು ಸಾಕು.

ಹಣ್ಣು ಬಿಟ್ಟ ಮರ, ಬೇಸಿಗೆಯಲ್ಲಿ ಉಳಿದ ಸಣ್ಣ ನೀರಿನ ಗುಂಡಿ, ಹೂ ಬಿರಿದ ಮರ ಇವೂ ಕಾಯುವ ಜಾಗಗಳೇ. ಇಲ್ಲಿ ಹಕ್ಕಿ ಮರಳುವುದು ತನ್ನ ಅಭ್ಯಾಸಕ್ಕಾಗಿ ಅಲ್ಲ, ಆಹಾರಕ್ಕಾಗಿ. ಹಣ್ಣಾದ ಅತ್ತಿ, ಆಲ, ಬಸರಿಯಂಥ ಮರಕ್ಕೆ ಮಂಗಟ್ಟೆ, ಕುಟ್ರುಹಕ್ಕಿ, ಹಸಿರು ಪಾರಿವಾಳಗಳು ದಿನವಿಡೀ ಸರದಿಯಲ್ಲಿ ಬರುತ್ತವೆ. ಮೊದಲ ಗಂಟೆಯಲ್ಲಿ ನಿಮ್ಮ ಹಕ್ಕಿ ಬರದಿದ್ದರೂ ಮರದಲ್ಲಿ ಹಣ್ಣು ಉಳಿದಿರುವವರೆಗೆ ಕಾಯಲು ಕಾರಣವಿದೆ. ಹಣ್ಣು ತೀರಿದ ಮರುದಿನ ಅದೇ ಮರದಡಿ ನಿಲ್ಲಲು ಯಾವ ಕಾರಣವೂ ಇಲ್ಲ.

ಅಲೆಯುತ್ತ ಮೇಯುವ ಹಕ್ಕಿಗಳದು ಇದಕ್ಕೆ ತದ್ವಿರುದ್ಧ. ಕಾಡಿನಲ್ಲಿ ಹಲವು ಜಾತಿಗಳು ಒಂದು ಗುಂಪಾಗಿ ಹುಳು ಹುಡುಕುತ್ತ ಸಾಗುತ್ತವೆ. ಅರ್ಧ ಗಂಟೆ ಒಂದು ಎಲೆಯೂ ಅಲುಗದೆ ಇದ್ದ ಜಾಗದಲ್ಲಿ ಇದ್ದಕ್ಕಿದ್ದಂತೆ ಹತ್ತು ಹದಿನೈದು ಜಾತಿಗಳು ಬಂದು, ಐದೇ ನಿಮಿಷದಲ್ಲಿ ದಾಟಿಹೋಗಿ, ಮತ್ತೆ ಮೌನ. ನಿಮಗೆ ಬೇಕಾದ ಹಕ್ಕಿ ಅಂಥ ಗುಂಪಿನ ಸದಸ್ಯನಾಗಿದ್ದರೆ ಒಂದೇ ಕಡೆ ಕೂತು ಫಲವಿಲ್ಲ. ನಿಧಾನವಾಗಿ, ನೂರು ಹೆಜ್ಜೆಗೊಮ್ಮೆ ನಿಂತು ಕಿವಿಗೊಟ್ಟು ನಡೆಯಿರಿ. ಗುಂಪು ಸಿಕ್ಕಿದ ಮೇಲೆ ಅದರ ಹಿಂದೆ ಓಡಬೇಡಿ, ಸಾಗುತ್ತಿರುವ ದಿಕ್ಕನ್ನು ನೋಡಿಕೊಂಡು ದೂರದಿಂದ ಬಳಸಿ ಮುಂದೆ ಹೋಗಿ ನಿಲ್ಲಿ. ಹಿಂದಿನಿಂದ ತೆಗೆದ ಚಿತ್ರದಲ್ಲಿ ಬಾಲಗಳಷ್ಟೇ ಇರುತ್ತವೆ.

ಮೂರನೆಯ ಬಗೆಯೂ ಇದೆ, ಮೈಬಣ್ಣವನ್ನೇ ನಂಬಿ ಕೂರುವ ಹಕ್ಕಿಗಳು. ನತ್ತಿಂಗ ಹಗಲೆಲ್ಲ ಒಣಗಿದ ಎಲೆಗಳ ನಡುವೆ ನೆಲಕ್ಕಂಟಿ ಕುಳಿತಿರುತ್ತದೆ. ಗುಪ್ಪಿ ಎಂಬ ಬಕದ ಕುಲದ ಹಕ್ಕಿ ಆಪಿನ (ಜೊಂಡಿನ) ನಡುವೆ ಕೊಕ್ಕನ್ನು ಮೇಲೆತ್ತಿ ಆಪಾಗಿಯೇ ನಿಲ್ಲುತ್ತದೆ. ಇವುಗಳಿಗಾಗಿ ಕಾಯುವುದೂ ಅಲೆಯುವುದೂ ಎರಡೂ ಅರ್ಧ ಸರಿ. ಅಲೆದರೆ ಕಾಲಡಿಯಿಂದ ಹಾರಿಸುತ್ತೀರಿ, ಕಾದರೆ ಎದುರಿಗೇ ಇದ್ದದ್ದನ್ನು ಕಾಣದೆ ಏಳುತ್ತೀರಿ. ಒಂದು ಎತ್ತರದ ಜಾಗದಲ್ಲಿ ನಿಂತು, ಬೈನಾಕ್ಯುಲರ್‌ನಿಂದ ನೆಲವನ್ನೋ ಆಪನ್ನೋ ಗೆರೆಗೆರೆಯಾಗಿ, ಎಡದಿಂದ ಬಲಕ್ಕೆ ಓದಿದಂತೆ ನೋಡುವುದೇ ದಾರಿ. ಹಕ್ಕಿಯ ಆಕಾರ ಹುಡುಕಬೇಡಿ, ಕಣ್ಣನ್ನೋ ಕೊಕ್ಕಿನ ನೇರ ಗೆರೆಯನ್ನೋ ಹುಡುಕಿ. ಒಂದು ಜೊಂಡಿನ ಕೊಳದಲ್ಲಿ ಇಡೀ ಬೆಳಗು ಗುಪ್ಪಿಗಾಗಿ ಕಾದು ಎದ್ದು ಹೊರಟಾಗ, ನಾನು ಕುಳಿತಿದ್ದ ಜಾಗದಿಂದ ಆರೇಳು ಮೀಟರ್ ದೂರದಲ್ಲಿ ಅದು ಹಾರಿಹೋಯಿತು. ಆ ಬೆಳಗು ನಾನು ತೆಗೆದ ಚಿತ್ರಗಳನ್ನು ಮನೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಜೊಂಡಿನ ಎರಡು ಚಿತ್ರಗಳಲ್ಲಿ ಅದು ನಿಂತಿತ್ತು.

ಹೈಡ್, ವಾಹನ, ಬರಿಯ ಬಯಲು

ಹಕ್ಕಿ ಹೆದರಿದೆ ಎಂದು ಖಚಿತವಾದರೆ ಆಗ ಮರೆಯ ವಿಚಾರ. ಮರೆಯ ಇತಿಹಾಸ ಹಕ್ಕಿಗಳ ಛಾಯಾಗ್ರಹಣದಷ್ಟೇ ಹಳೆಯದು. ಬ್ರಿಟನ್ನಿನ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಸಹೋದರರು ಭಾರವಾದ ಗಾಜಿನ ಫಲಕದ ಕ್ಯಾಮೆರಾ ಹೊತ್ತು, ಎತ್ತಿನ ಚರ್ಮದಿಂದ ಮಾಡಿದ ಟೊಳ್ಳು ಎತ್ತಿನ ಹೊಟ್ಟೆಯೊಳಗೆ ಅಡಗಿ ಹಕ್ಕಿಗಳ ಹತ್ತಿರ ಹೋಗುತ್ತಿದ್ದರು. ಮೇಯುವ ದನ ಹಕ್ಕಿಗೆ ಶತ್ರುವಲ್ಲ ಎಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು. ಇಂದಿನ ವಾಹನಕ್ಕೂ ಅದೇ ತರ್ಕ ಅನ್ವಯಿಸುತ್ತದೆ. ಮನುಷ್ಯ ಕಾಲ್ನಡಿಗೆಯಲ್ಲಿ ಬಂದರೆ ನೂರು ಮೀಟರ್ ದೂರದಲ್ಲೇ ಹಾರುವ ಹಕ್ಕಿ, ನಿಂತ ಕಾರಿನ ಕಿಟಕಿಯಿಂದ ಕೆಲವೇ ಮೀಟರ್ ದೂರದಲ್ಲಿ ನಿಶ್ಚಿಂತೆಯಿಂದ ಮೇಯುವುದುಂಟು. ಎಂಜಿನ್ ಆರಿಸಿ, ಲೆನ್ಸಿಗೆ ಕಿಟಕಿಯ ಮೇಲೆ ಕಾಳು ತುಂಬಿದ ಚೀಲದ ಆಸರೆ ಕೊಟ್ಟು ಕುಳಿತರೆ ಟ್ರೈಪಾಡಿಗಿಂತ ಚೆನ್ನ. ಇದರ ಮಿತಿಯೆಂದರೆ ರಸ್ತೆ ಇರುವಲ್ಲಿ ಮಾತ್ರ ನಡೆಯುತ್ತದೆ, ಕಿಟಕಿಯ ಎತ್ತರಕ್ಕಿಂತ ಕೆಳಗೆ ಇಳಿಯಲಾಗುವುದಿಲ್ಲ. ನೀರ ಮೇಲಿನ ಬಾತುಗಳನ್ನು ಆ ಎತ್ತರದಿಂದ ತೆಗೆದರೆ ಹಿನ್ನೆಲೆಯೆಲ್ಲ ನೀರೇ ಆಗಿ ಚಿತ್ರ ಚಪ್ಪಟೆಯಾಗುತ್ತದೆ.

ಬಟ್ಟೆಯ ಹೈಡ್ ಒಂದೇ ದಿನದ ಕೆಲಸವಲ್ಲ. ಹೊಸ ಆಕಾರ ಹಕ್ಕಿಗೆ ಪರಿಚಯವಾಗಲು ದಿನಗಳು ಬೇಕು. ಇವತ್ತು ಕಟ್ಟಿ ಇವತ್ತೇ ಒಳಗೆ ಕೂರುವವರು ಮರೆಯೊಂದಿಗೆ ಇನ್ನೊಂದು ಭಯವನ್ನು ತಂದಿಟ್ಟಂತೆ. ಒಳಗೆ ಹೋಗುವಾಗ ಇಬ್ಬರು ಹೋಗಿ ಒಬ್ಬರು ಹೊರಬಂದು ಎದ್ದುಕಾಣುವಂತೆ ನಡೆದುಹೋಗುವುದು ಹಳೆಯ ಪದ್ಧತಿ. ಹಕ್ಕಿ ಲೆಕ್ಕ ತಪ್ಪಿ, ಬಂದವರು ಹೋದರೆಂದು ಸಮಾಧಾನಗೊಳ್ಳುತ್ತದೆ. ಕಾಗೆಯಂಥ ಜಾಣ ಹಕ್ಕಿಯ ಮುಂದೆ ಇದು ನಡೆಯುತ್ತದೆಂದು ನಾನು ಭರವಸೆ ಕೊಡಲಾರೆ.

ಗೂಡಿನ ಬಳಿಯ ಹೈಡ್ ಬೇರೆಯೇ ಮಾತು. ಎರಿಕ್ ಹಾಸ್ಕಿಂಗ್ ಎಂಬ ಹೆಸರಾಂತ ಬ್ರಿಟಿಷ್ ಛಾಯಾಗ್ರಾಹಕರು 1937ರಲ್ಲಿ ಗೂಡಿದ್ದ ಜಾಗದ ಹೈಡಿಗೆ ಹೋಗುವಾಗ ಗೂಬೆಯ ದಾಳಿಗೆ ಸಿಕ್ಕಿ ಒಂದು ಕಣ್ಣನ್ನು ಕಳೆದುಕೊಂಡರು. ಆ ಕಥೆಯನ್ನು ಛಾಯಾಗ್ರಾಹಕರ ಧೈರ್ಯಕ್ಕಾಗಿ ಹೇಳುವುದು ರೂಢಿ. ನಾನು ಅದನ್ನು ಗೂಬೆಯ ಕಡೆಯಿಂದ ಓದುತ್ತೇನೆ. ಮರಿಗಳಿರುವ ಹಕ್ಕಿಗೆ ನಮ್ಮ ಇರವು ಎಷ್ಟು ದೊಡ್ಡ ಅಪಾಯವಾಗಿ ಕಾಣುತ್ತದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಹಕ್ಕಿ ಬೇರೆಲ್ಲೂ ಸಿಗಲಿಲ್ಲವೆಂದು ಗೂಡಿಗೆ ಹೋಗುವುದನ್ನು ನಾನು ಆಯ್ಕೆಗಳ ಸಾಲಿನಲ್ಲೇ ಇಡುವುದಿಲ್ಲ. ಪೋಷಕ ಹಕ್ಕಿ ದೂರ ನಿಂತ ಪ್ರತಿ ನಿಮಿಷವೂ ಮೊಟ್ಟೆ ತಣ್ಣಗಾಗುವ, ಇಲ್ಲವೇ ಬಿಸಿಲಿಗೆ ಬೇಯುವ, ಕಾಗೆ ಹಾವುಗಳಿಗೆ ದಾರಿ ತೆರೆಯುವ ನಿಮಿಷ.

ಮರೆಯಿಲ್ಲದೆ ಬಯಲಿನಲ್ಲಿ ಹತ್ತಿರ ಹೋಗಬೇಕಾದರೆ ನೇರವಾಗಿ ನಡೆಯಬೇಡಿ, ಓರೆಯಾಗಿ, ಬೇರೆಲ್ಲಿಗೋ ಹೋಗುತ್ತಿರುವವರಂತೆ ಸಾಗಿ. ದಿಟ್ಟಿಸಬೇಡಿ. ಸ್ಟಾರ್ಲಿಂಗ್‌ನಂಥ ಹಕ್ಕಿಗಳು ತಮ್ಮತ್ತ ನೆಟ್ಟ ಕಣ್ಣನ್ನು ಗುರುತಿಸಿ ದೂರ ಸರಿಯುತ್ತವೆ ಎಂಬುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನಮ್ಮ ಲೆನ್ಸಿನ ಅಗಲವಾದ ಕಪ್ಪು ಗಾಜು ಅವುಗಳಿಗೆ ಹೇಗೆ ಕಾಣುತ್ತಿರಬಹುದೆಂದು ಊಹಿಸಿಕೊಳ್ಳಿ. ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತು ಎತ್ತಿದರೆ ಅಲ್ಲಿಗೇ ನಿಲ್ಲಬೇಕು. ಅದು ಮತ್ತೆ ತಲೆ ತಗ್ಗಿಸುವವರೆಗೆ ಮುಂದಿನ ಹೆಜ್ಜೆ ಇಲ್ಲ.

ಲೆನ್ಸಿನ ಆಯ್ಕೆಯೂ ಇದೇ ತೀರ್ಮಾನದ ಭಾಗ

600 ಎಂಎಂ ಎಫ್4 ಲೆನ್ಸ್ ಬೆಳಕಿನಲ್ಲಿ ಉದಾರಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು, ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು). ಎಫ್6.3ರ ಜೂಮಿಗಿಂತ ಒಂದೂಕಾಲು ಸ್ಟಾಪಿಗಿಂತ ಹೆಚ್ಚು ಬೆಳಕು ಕೊಡುತ್ತದೆ, ಹಿನ್ನೆಲೆಯನ್ನು ಹಾಲಿನಂತೆ ಕರಗಿಸುತ್ತದೆ. ಆದರೆ ಈಗಿನ ಹಗುರ ಮಾದರಿಗಳೂ ಸುಮಾರು ಮೂರು ಕಿಲೋ ತೂಗುತ್ತವೆ. ಕಾಯುವವರಿಗೆ ಇದು ಸರಿ. ಅಲೆಯುವವರಿಗೆ ಸುಮಾರು 2.1 ಕಿಲೋದ ಸೋನಿ 200–600, ಎರಡು ಕಿಲೋಗಿಂತ ತುಸು ಕಡಿಮೆಯ ನಿಕಾನ್ 180–600, ಒಂದೂವರೆ ಕಿಲೋದ ಕ್ಯಾನನ್ 100–500 ಇಂಥವು ಮೇಲು. ಮಿಶ್ರ ಗುಂಪಿನಲ್ಲಿ ಹಕ್ಕಿ ಒಮ್ಮೆ ಮೂವತ್ತು ಮೀಟರ್ ದೂರ, ಇನ್ನೊಮ್ಮೆ ಮೂಗಿನ ಮುಂದೆ. ಜೂಮ್ ಇಲ್ಲದವರು ಆ ಎರಡನೆಯದನ್ನು ಕಳೆದುಕೊಳ್ಳುತ್ತಾರೆ. ಒಂದನ್ನೇ ಕೊಳ್ಳಬಲ್ಲವರಿಗೆ ನಾನು ಹಿಂಜರಿಯದೆ ಜೂಮನ್ನೇ ಹೇಳುತ್ತೇನೆ. ಸಿಗದ ಹಕ್ಕಿಯನ್ನು ಹುಡುಕುವಾಗ ಮೂರನೆಯ ಗಂಟೆಯಲ್ಲೂ ಕೈ ಎತ್ತಲು ಶಕ್ತಿ ಉಳಿದಿರಬೇಕು.

ಹತ್ತಿರ ಸಿಕ್ಕಿದರೆ ಇನ್ನೊಂದು ತೊಡಕಿದೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 600 ಎಂಎಂ, ಎಫ್6.3 ಇಟ್ಟು ಹತ್ತು ಮೀಟರ್ ದೂರದ ಹಕ್ಕಿಯನ್ನು ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 10 ಸೆಂಟಿಮೀಟರ್. ಐದು ಮೀಟರಿಗೆ ಬಂದರೆ ಅದು ಎರಡೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಕಣ್ಣು ಸ್ಪಷ್ಟವಿದ್ದು ಬಾಲ ಮಸುಕಾದರೆ ಪರವಾಗಿಲ್ಲ, ಬಾಲ ಸ್ಪಷ್ಟವಿದ್ದು ಕಣ್ಣು ಮಸುಕಾದರೆ ಚಿತ್ರವೇ ಇಲ್ಲ. ಶಟರ್ ವೇಗವನ್ನು ಮೊದಲೇ ಎರಡು ಬಗೆಯಾಗಿ ಉಳಿಸಿಟ್ಟುಕೊಳ್ಳಿ: ಕುಳಿತ ಹಕ್ಕಿಗೆ 1/500ರ ಆಸುಪಾಸು, ಹಾರುವುದಕ್ಕೆ 1/2500. ಗುಂಡಿ ಒತ್ತುವ ಮುಂಚಿನ ಕ್ಷಣಗಳನ್ನೂ ಹಿಡಿದಿಡುವ ಸೌಲಭ್ಯ ಈಗ ಹಲವು ಕನ್ನಡಿರಹಿತ ಕ್ಯಾಮೆರಾಗಳಲ್ಲಿದೆ. ಕೊಂಬೆಯಿಂದ ಧುಮುಕುವ ಮಿಂಚುಳ್ಳಿಗೆ ಅದು ವರದಾನ, ಆದರೆ ಬ್ಯಾಟರಿಯನ್ನು ಬೇಗ ತಿನ್ನುತ್ತದೆ.

ಕೂಗು ಹಾಕಿ ಕರೆಯುವುದು, ಆಮಿಷ ಇಡುವುದು

ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿದರೆ ಅದು ಬರುತ್ತದೆ. ಬಹಳ ಸಲ ಎರಡೇ ನಿಮಿಷದಲ್ಲಿ ಬರುತ್ತದೆ. ಆದ್ದರಿಂದಲೇ ಇದನ್ನು ಉಳಿದ ಆಯ್ಕೆಗಳೊಂದಿಗೆ ಇಟ್ಟು ಪ್ರಾಮಾಣಿಕವಾಗಿ ತೂಗಬೇಕು. ಬರುವ ಹಕ್ಕಿ ಕುತೂಹಲದಿಂದ ಬರುವುದಿಲ್ಲ. ತನ್ನ ನೆಲೆಗೆ ಇನ್ನೊಂದು ಗಂಡು ನುಗ್ಗಿದೆ ಎಂದು ಕಾದಾಡಲು ಬರುತ್ತದೆ. ಮೇವು ಬಿಟ್ಟು, ಕೆಲವೊಮ್ಮೆ ಗೂಡು ಬಿಟ್ಟು, ಇಲ್ಲದ ಶತ್ರುವನ್ನು ಹುಡುಕುತ್ತ ಬಯಲಿನ ಕೊಂಬೆಯ ಮೇಲೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಗಿಡುಗವೂ ಅದನ್ನು ನೋಡಬಲ್ಲದು. ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಒಂದೇ ಹಕ್ಕಿಗೆ ದಿನಕ್ಕೆ ಹತ್ತು ಜನ ಹೀಗೆ ಮಾಡಿದರೆ ಅದರ ಪಾಡೇನು? ಅನೇಕ ರಕ್ಷಿತ ಪ್ರದೇಶಗಳಲ್ಲಿ ಇದಕ್ಕೆ ನಿಷೇಧವಿರುವುದು ಸುಮ್ಮನೆ ಅಲ್ಲ.

ಒಮ್ಮೆ ಜೊತೆಗಿದ್ದವರೊಬ್ಬರು ಹೀಗೆ ಕೂಗು ಹಾಕಿದಾಗ ನಾನೂ ಚಿತ್ರ ತೆಗೆದೆ. ಅದನ್ನು ಇಲ್ಲಿ ಹೇಳಿಬಿಡಬೇಕು. ಚಿತ್ರ ಸ್ಪಷ್ಟವಾಗಿತ್ತು. ಕುತ್ತಿಗೆಯ ಗರಿ ನಿಗುರಿಸಿ, ಬಾಯಿ ತೆರೆದು ನಿಂತ ಆ ಹಕ್ಕಿಯನ್ನು ಆಮೇಲೆ ನೋಡಿದಾಗಲೆಲ್ಲ ಅದರ ಸಿಟ್ಟಿಗೆ ನಾವೇ ಕಾರಣ ಎಂಬುದೇ ಕಾಣುತ್ತಿತ್ತು. ಚಿತ್ರವನ್ನು ಅಳಿಸಿದೆ. ಜೀವಂತ ಇಲಿಯನ್ನೋ ಮೀನನ್ನೋ ಕಟ್ಟಿ ಗೂಬೆ, ಮಿಂಚುಳ್ಳಿಗಳನ್ನು ಕರೆಯುವುದೂ ಇದೇ ಸಾಲಿಗೆ ಸೇರುತ್ತದೆ. ಹೆಸರಾಂತ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಗಳು ಜೀವಂತ ಆಮಿಷ ಬಳಸಿದ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ವೇಗ ಒಂದನ್ನೇ ಅಳೆದರೆ ಈ ದಾರಿ ಎಲ್ಲಕ್ಕಿಂತ ಮುಂದು. ನನ್ನ ಆಯ್ಕೆಯಲ್ಲಿ ಇದು ಇಲ್ಲ.

ಮನುಷ್ಯನಿಲ್ಲದ ಕ್ಯಾಮೆರಾ

ಬಿಸಿಮೈಯ ಚಲನೆಗೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾವನ್ನು ನೆಲದ ಹಕ್ಕಿಗಳಿಗಾಗಿ ಕಾಡಿನಲ್ಲಿ ಕಟ್ಟಿಟ್ಟು ಬರುವುದು ಇನ್ನೊಂದು ಆಯ್ಕೆ. 1882ರ ನಂತರ ವಿಜ್ಞಾನದ ದಾಖಲೆಗೆ ಸಿಗದೇ ಇದ್ದ ಕಪ್ಪುಕತ್ತಿನ ಫೆಸೆಂಟ್-ಪಾರಿವಾಳ 2022ರಲ್ಲಿ ಪಪುವಾ ನ್ಯೂಗಿನಿಯ ಫರ್ಗ್ಯೂಸನ್ ದ್ವೀಪದಲ್ಲಿ ಸಿಕ್ಕಿದ್ದು ಹೀಗೆಯೇ. ತಂಡ ಸುಮಾರು ಒಂದು ತಿಂಗಳು ಹುಡುಕಿತ್ತು. ಹಕ್ಕಿಯ ಕೂಗು ಕೇಳಿದ್ದ ಸ್ಥಳೀಯ ಬೇಟೆಗಾರರೊಬ್ಬರು ತೋರಿದ ಕಡೆಯಲ್ಲಿ ಕಟ್ಟಿದ್ದ ಕ್ಯಾಮೆರಾದಲ್ಲಿ, ಹುಡುಕಾಟದ ಕೊನೆಯ ದಿನಗಳಲ್ಲಿ ಅದು ಬಾಲ ಕುಣಿಸುತ್ತ ನಡೆದುಹೋಗಿತ್ತು. ಯಂತ್ರದ ಜಾಗವನ್ನು ಯಂತ್ರ ಹೇಳಲಿಲ್ಲ, ಆ ಕಾಡನ್ನು ಬಲ್ಲವರು ಹೇಳಿದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಇಂಥ ಚಿತ್ರದಲ್ಲಿ ಅಂದ ಹುಡುಕಬೇಡಿ. ಬೆಳಕು, ಕೋನ ಯಾವುದೂ ನಿಮ್ಮ ಕೈಯಲ್ಲಿರುವುದಿಲ್ಲ. ಆದರೆ ಹಕ್ಕಿ ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ ಬರುತ್ತದೆಂದು ಒಂದು ವಾರದಲ್ಲಿ ತಿಳಿದರೆ, ಆಮೇಲೆ ನೀವು ಕೂರುವುದು ಕುರುಡು ಕಾಯುವಿಕೆಯಾಗುವುದಿಲ್ಲ. ಅಳವಡಿಸುವ ಮೊದಲು ಆ ಜಾಗದ ಒಡೆಯರ ಇಲ್ಲವೇ ಅರಣ್ಯ ಇಲಾಖೆಯ ಅನುಮತಿ ಬೇಕು.

ಮಸುಕಾದ ಚಿತ್ರ ಮತ್ತು ಚಂದದ ಚಿತ್ರ

ಕೊನೆಗೂ ಹಕ್ಕಿ ಕಂಡಿತು, ದೂರದಲ್ಲಿ, ಎದುರುಬೆಳಕಿನಲ್ಲಿ, ಕಡ್ಡಿಗಳ ಹಿಂದೆ. ತೆಗೆಯಬೇಕೆ, ಇನ್ನೂ ಒಳ್ಳೆಯ ಕ್ಷಣಕ್ಕೆ ಕಾಯಬೇಕೆ? ಅಪರೂಪದ ಹಕ್ಕಿಯಾದರೆ ಮೊದಲು ತೆಗೆಯಿರಿ. ದಂತಕೊಕ್ಕಿನ ಮರಕುಟಿಗವನ್ನು ಅಮೆರಿಕದಲ್ಲಿ ಎಲ್ಲರೂ ಒಪ್ಪುವಂತೆ ಕೊನೆಯ ಸಲ ಕಂಡದ್ದು 1944ರಲ್ಲಿ. 2004ರಲ್ಲಿ ಆರ್ಕನ್ಸಾಸಿನಲ್ಲಿ ತೆಗೆದ ಕೆಲವು ಸೆಕೆಂಡುಗಳ ಮಸುಕಾದ ವೀಡಿಯೊ ಅದರದೇ ಹೌದೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ಸ್ವಲ್ಪ ಸ್ಪಷ್ಟವಾದ ಒಂದೇ ಚಿತ್ರ ಇದ್ದಿದ್ದರೆ ಮುಗಿಯುತ್ತಿತ್ತು. ಇನ್ನೊಂದು ಕಡೆ, ಬೋರ್ನಿಯೊದಲ್ಲಿ 170 ವರ್ಷಕ್ಕೂ ಹೆಚ್ಚು ಕಾಲ ಕಾಣದಿದ್ದ ಕಪ್ಪುಹುಬ್ಬಿನ ಹರಟೆಮಲ್ಲ 2020ರಲ್ಲಿ ಸ್ಥಳೀಯರಿಬ್ಬರ ಕೈಗೆ ಸಿಕ್ಕಿತು. ಅವರು ಅದರ ಚಿತ್ರ ತೆಗೆದು ಹಕ್ಕಿಯನ್ನು ಬಿಟ್ಟರು. ತಜ್ಞರು ಗುರುತಿಸಿದ್ದು ಆ ಚಿತ್ರಗಳಿಂದಲೇ.

ಗುರುತಿಗಾಗಿ ತೆಗೆಯುವಾಗ ಕೊಕ್ಕು, ಕಾಲು, ರೆಕ್ಕೆಯ ಪಟ್ಟೆ, ಬಾಲದ ಕೆಳಭಾಗ ಯಾವುದಾದರೂ ಕಾಣುವಂತೆ ಸಾಲಾಗಿ ತೆಗೆಯುತ್ತ ಹೋಗಿ. ಐಎಸ್ಒ, ಅಂದರೆ ಕ್ಯಾಮೆರಾದ ಬೆಳಕಿನ ಸಂವೇದನೆ, ಏರಿದರೆ ಏರಲಿ. ಅಷ್ಟಾದ ಮೇಲೆ ನಿಂತು ಉಸಿರೆಳೆದು, ಚಂದದ ಚಿತ್ರದ ಯೋಚನೆ. ಸಾಮಾನ್ಯ ಹಕ್ಕಿಯಾದರೆ ಇದೆಲ್ಲ ಬೇಡ, ಕೆಟ್ಟ ಬೆಳಕಿನ ನೂರು ಚಿತ್ರ ಮನೆಗೆ ತಂದು ಆರಿಸುವ ಶ್ರಮ ವ್ಯರ್ಥ.

ಎದುರಿಗಿರುವ ಹಕ್ಕಿ

ಬೇರೆ ಹಕ್ಕಿಯತ್ತ ತಿರುಗುವುದನ್ನು ಸೋಲೆಂದು ಬಗೆಯುವವರಿದ್ದಾರೆ. ನಾನು ಹಾಗೆ ಬಗೆಯುವುದನ್ನು ಬಿಟ್ಟದ್ದು ಒಂದು ಕೊಳದ ಬಕದಿಂದ. ಬೇರೊಂದು ಹಕ್ಕಿಗಾಗಿ ಬಂದು, ಅದು ಸಿಗದೆ, ಬೇಸರದಿಂದ ಕುಳಿತಿದ್ದಾಗ ಹತ್ತು ಮೀಟರ್ ದೂರದಲ್ಲಿ ಈ ಬಕ ನಿಂತಿತ್ತು. ಮಣ್ಣಿನ ಬಣ್ಣದ, ಯಾರೂ ಎರಡನೆಯ ಸಲ ನೋಡದ ಹಕ್ಕಿ. ಅದು ಒಂದು ಕಾಲನ್ನು ಎತ್ತಿ ಇಡಲು ತೆಗೆದುಕೊಂಡ ಹೊತ್ತನ್ನು ನಾನು ಅಂದು ಮೊದಲ ಬಾರಿಗೆ ನೋಡಿದೆ. ಕತ್ತು ಒಳಗೆಳೆದು, ತುಸು ಬಾಗಿ, ನೀರಿನ ಮೇಲೆ ಒಂದು ಅಲೆಯೂ ಏಳದಂತೆ ಮುಂದೆ ಸರಿದು, ಒಮ್ಮೆಗೇ ಚಿಮ್ಮಿತು. ಮೀನು ತಪ್ಪಿತು. ರೆಕ್ಕೆ ಬಿಚ್ಚಿ ಹಾರಿದಾಗ ಆ ಮಣ್ಣಿನ ಬಣ್ಣದೊಳಗಿಂದ ಅಚ್ಚ ಬಿಳಿ ಹೊರಬಂತು. ಎರಡು ಗಂಟೆ ಅದನ್ನೇ ತೆಗೆದೆ. ಬೇಟೆಯ ಆ ಸರಣಿ ಇಂದಿಗೂ ನನ್ನ ಸಂಗ್ರಹದಲ್ಲಿ ನನಗೆ ಅತಿ ಪ್ರಿಯವಾದದ್ದು.

ಸಾಮಾನ್ಯ ಹಕ್ಕಿಗೆ ಒಂದು ದೊಡ್ಡ ಅನುಕೂಲವಿದೆ, ಅದು ಸಿಗುತ್ತದೆ. ಸಿಗುವುದರಿಂದಲೇ ಅದರ ನಡವಳಿಕೆ ನೋಡಲು ಬಿಡುವಿರುತ್ತದೆ. ಅಪರೂಪದ ಹಕ್ಕಿ ಕಂಡಾಗ ನಾವು ತೆಗೆಯುವುದು ಬರಿಯ ಭಾವಚಿತ್ರ. ಗುಬ್ಬಿ ಮಣ್ಣಿನಲ್ಲಿ ಮೀಯುವುದು, ಗೀಜುಗ ಎಲೆಯ ನಾರು ಸೀಳುವುದು, ಕಾಜಾಣ ತನಗಿಂತ ಹಲವು ಪಟ್ಟು ದೊಡ್ಡ ಹದ್ದನ್ನು ಅಟ್ಟುವುದು ಇವುಗಳಲ್ಲಿ ಕತೆಯಿದೆ. ಕೈಚಳಕದ ದೃಷ್ಟಿಯಿಂದಲೂ ಲಾಭವೇ. ಕಳ್ಳಿಪೀರದ ಹಾರಾಟವನ್ನು ನೂರು ಸಲ ಹಿಂಬಾಲಿಸಿ ಪಳಗಿದ ಕೈ, ವರ್ಷಕ್ಕೊಮ್ಮೆ ಸಿಗುವ ಹಕ್ಕಿ ಮೂರು ಸೆಕೆಂಡು ಎದುರು ಹಾದಾಗ ತಡವರಿಸುವುದಿಲ್ಲ.

ಬಯಸಿದ ಹಕ್ಕಿಗೆ ಹತ್ತಿರದ ಇನ್ನೊಂದು ವಿಷಯವೂ ಇದೆ, ಅದರ ನೆಲೆ. ಅಗಲ ಲೆನ್ಸಿನಲ್ಲಿ ಆ ಆಪು, ಆ ಬಂಡೆ, ಆ ಒಣಮರ ತೆಗೆದಿಟ್ಟುಕೊಳ್ಳಿ. ಹಕ್ಕಿ ಮುಂದೊಂದು ದಿನ ಸಿಕ್ಕಾಗ ಅದರ ಮನೆಯ ಚಿತ್ರ ಪಕ್ಕದಲ್ಲಿರುತ್ತದೆ.

ಇನ್ನೊಂದು ದಿನ ಬರುವುದಾದರೆ

ಮರಳಿ ಬರುವುದು ಎಲ್ಲ ಆಯ್ಕೆಗಳಲ್ಲಿ ಹೆಚ್ಚು ಫಲ ಕೊಡುತ್ತದೆ, ಆದರೆ ಇವತ್ತಿನದನ್ನು ಬರೆದಿಟ್ಟರೆ ಮಾತ್ರ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಇದ್ದಿರಿ, ಗಾಳಿ ಯಾವ ಕಡೆಯಿಂದ, ಕೂಗು ಎಷ್ಟೊತ್ತಿಗೆ ಎಲ್ಲಿಂದ, ಬಿಸಿಲು ಯಾವ ಕೊಂಬೆಗೆ ಯಾವಾಗ ಬಿತ್ತು. ಕಂಡ ಎಲ್ಲ ಜಾತಿಗಳನ್ನೂ ಬರೆದ ಪೂರ್ಣ ಪಟ್ಟಿಯನ್ನು ಇ-ಬರ್ಡ್‌ಗೆ ಕೊಡಿ. ಮೊದಲು ಹೇಳಿದ ಆ 48 ಮನೆಗಳ ನಕ್ಷೆ ತಯಾರಾಗುವುದು ಇಂಥ ಪಟ್ಟಿಗಳಿಂದ. ಹಕ್ಕಿ ಕಾಣದೆ ಮರಳಿದವರ ಪಟ್ಟಿಗಳೂ ಅದರಲ್ಲಿ ಸೇರಿರುವುದರಿಂದಲೇ ನಕ್ಷೆಯ ತೆಳುವಾದ ಪಟ್ಟಿಗೂ ಖಾಲಿ ಮನೆಗೂ ಅರ್ಥ ಬಂದಿದೆ. ನಿಮ್ಮ ಬರಿಗೈಯ ಬೆಳಗು ಇನ್ನೊಬ್ಬರ ನಾಲ್ಕು ಬೆಳಗುಗಳನ್ನು ಉಳಿಸಬಲ್ಲದು.

ಗುಪ್ಪಿ ಹಾರಿಹೋದ ಆ ದಿನದ ನನ್ನ ಟಿಪ್ಪಣಿಯಲ್ಲಿ ಹೀಗಿದೆ: "6.10ರಿಂದ 9.30. ಕಾಯುವಾಗ ಕಾಣಲಿಲ್ಲ, ಏಳುವಾಗ ಎಡದ ಜೊಂಡಿನಿಂದ ಹಾರಿತು, ಬಡಗಣ ಮೂಲೆಯಲ್ಲಿ ಇಳಿಯಿತು. ಅಲ್ಲಿಗೆ 7.40ರ ನಂತರ ಬಿಸಿಲು. ಮುಂದಿನ ಸಲ ಬದುವಿನ ಮೇಲೆ, ಬೈನಾಕ್ಯುಲರ್ ಮೊದಲು." ಎಂಟು ದಿನ ಬಿಟ್ಟು ಬದುವಿನ ಮೇಲೆ ಕುಳಿತು ಆಪನ್ನು ಗೆರೆಗೆರೆಯಾಗಿ ನೋಡುತ್ತ ಹೋದೆ. ಮೂರನೆಯ ಸಾಲಿನಲ್ಲಿ ಒಂದು ಹಳದಿ ಕಣ್ಣು ನನ್ನನ್ನೇ ನೋಡುತ್ತಿತ್ತು.